ಬೋಧನಾ ಆಸ್ಪತ್ರೆಯವರು ಎರಡು ಚಿಕಿತ್ಸೆಗಳನ್ನು ಹೋಲಿಸುವ ಅಧ್ಯಯನಕ್ಕೆ ತಂಗಿಯನ್ನು ಕೇಳಿದ್ದಾರೆ, ಸಹಿ ಹಾಕಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಅರಕಲಗೂಡು ತಾಲ್ಲೂಕಿನಲ್ಲಿರುವ ನಿಮ್ಮ ತಂಗಿಗೆ ಏಳನೆಯ ತಿಂಗಳು ನಡೆಯುತ್ತಿದ್ದು, ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಹಾಸನದ ಬೋಧನಾ ಆಸ್ಪತ್ರೆಯಲ್ಲಿ ಪಿ.ಜಿ. ಓದುತ್ತಿರುವ ವೈದ್ಯೆಯೊಬ್ಬರು, ಕಬ್ಬಿಣಾಂಶದ ಎರಡು ಇಂಜೆಕ್ಷನ್‌ಗಳನ್ನು ಹೋಲಿಸುವ ತಮ್ಮ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದ್ದಾರೆ. ಯಾವ ಔಷಧ ಸಿಗುತ್ತದೆ ಎಂಬುದು ಮುಚ್ಚಿದ ಲಕೋಟೆಯನ್ನು ಒಡೆದಾಗಲೇ ಗೊತ್ತಾಗುತ್ತದೆ ಎಂದೂ ಹೇಳಿದ್ದಾರೆ. ತಂಗಿಯ ಅತ್ತೆಯವರು "ಬಡವರ ಮೇಲೆ ಪ್ರಯೋಗ ಮಾಡುತ್ತಾರೆ, ಸಹಿ ಹಾಕಬೇಡ" ಎನ್ನುತ್ತಿದ್ದಾರೆ. ಬೇಡವೆಂದರೆ ಹೆರಿಗೆಯ ಹೊತ್ತಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲವೇನೋ ಎಂಬ ಭಯ ನಿಮ್ಮದು.

ನಾನು ವೈದ್ಯನಲ್ಲ. ಹಾಸನದಲ್ಲಿ ನೆಲೆಸಿರುವ ನಿವೃತ್ತ ಪ್ರೌಢಶಾಲಾ ಶಿಕ್ಷಕ. ಒಂದು ಬೋಧನಾ ಆಸ್ಪತ್ರೆಯ ಎಥಿಕ್ಸ್ ಕಮಿಟಿಯಲ್ಲಿ, ಅಂದರೆ ಇಂಥ ಅಧ್ಯಯನಗಳಿಗೆ ಒಪ್ಪಿಗೆ ಕೊಡುವ ಅಥವಾ ತಡೆಯುವ ಸಮಿತಿಯಲ್ಲಿ, ಜನಸಾಮಾನ್ಯರ ಪರವಾಗಿ ಕೂರುವ ಸದಸ್ಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಇಂಥ ಸಮಿತಿಯಲ್ಲಿ ಕನಿಷ್ಠ 7 ಜನರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಸಂಸ್ಥೆಗೆ ಸೇರದವರಾಗಿರಬೇಕು, ಅಧ್ಯಕ್ಷರು ಹೊರಗಿನವರೇ ಆಗಿರಬೇಕು, ವೈದ್ಯಕೀಯ ಓದದ ಒಬ್ಬರು ಇರಲೇಬೇಕು. ಆ ಕೊನೆಯ ಸ್ಥಾನ ನನ್ನದು. ರೋಗಿಗೆ ಕೊಡುವ ಮಾಹಿತಿ ಪತ್ರವನ್ನು ರೋಗಿಯ ಕಣ್ಣಿನಿಂದ ಓದುವುದೇ ನನ್ನ ಮುಖ್ಯ ಕೆಲಸ.

ಮೊದಲು ಅತ್ತೆಯವರ ಮಾತು. ಅದನ್ನು ಹಳ್ಳಿಯವರ ಅಜ್ಞಾನವೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ಭಯಕ್ಕೆ ಇತಿಹಾಸದ ಆಧಾರವಿದೆ. ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ ಅಲ್ಲಿನ ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಎಂಬ ಲೈಂಗಿಕ ರೋಗ ತಗುಲಿದ್ದ 399 ಬಡ ಕಪ್ಪು ಜನರಿಗೆ, ಅದನ್ನು ಗುಣಪಡಿಸುವ ಪೆನಿಸಿಲಿನ್ ಬಳಕೆಗೆ ಬಂದ ಮೇಲೂ ಅದನ್ನು ಕೊಡದೆ, ರೋಗ ಹೇಗೆ ಮುಂದುವರಿಯುತ್ತದೆ ಎಂದು ನೋಡುತ್ತಾ ಕುಳಿತಿತ್ತು. ನಮ್ಮಲ್ಲಿಯೂ ಔಷಧ ಪ್ರಯೋಗಗಳಲ್ಲಿ ಬಡವರ ಹಿತವನ್ನು ಕಡೆಗಣಿಸಲಾಗುತ್ತಿದೆ ಎಂದು ಇಂದೋರಿನ ಸ್ವಾಸ್ಥ್ಯ ಅಧಿಕಾರ ಮಂಚ್ ಎಂಬ ಸಂಘಟನೆ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆ ನಂತರ, 2013ರಲ್ಲಿ, ಪ್ರಯೋಗದಿಂದ ಹಾನಿಯಾದವರಿಗೆ ಪರಿಹಾರ ಕೊಡುವುದನ್ನೂ ಎಥಿಕ್ಸ್ ಕಮಿಟಿಗಳ ನೋಂದಣಿಯನ್ನೂ ಕಡ್ಡಾಯಗೊಳಿಸುವ ನಿಯಮಗಳು ಬಂದವು. 2019ರಲ್ಲಿ ಅವೆಲ್ಲವನ್ನೂ ಒಳಗೊಂಡ ಹೊಸ ನಿಯಮಾವಳಿ ಜಾರಿಯಾಯಿತು. ಹಾಗಾಗಿ ಅನುಮಾನದಿಂದ ಪ್ರಶ್ನೆ ಕೇಳುವುದು ತಪ್ಪಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಬಾಗಿಲು ಹಾಕಿಕೊಳ್ಳುವುದು ಬೇಡ ಎಂದಷ್ಟೇ ನನ್ನ ಕೋರಿಕೆ.

ನಿಮ್ಮ ತಂಗಿಯ ಸಂದರ್ಭದಲ್ಲಿ ಹೋಲಿಸುತ್ತಿರುವುದು ಐರನ್ ಸುಕ್ರೋಸ್ ಮತ್ತು ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಎರಡು ಔಷಧಗಳನ್ನು. ಎರಡೂ ಹೊಸವಲ್ಲ. ಗರ್ಭಿಣಿಯರ ರಕ್ತಹೀನತೆಗೆ, ಅದರಲ್ಲೂ ದಿನ ತುಂಬುತ್ತಾ ಬಂದಾಗ ಮಾತ್ರೆಯಿಂದ ಸಾಲದೆ ಹೋದಾಗ, ಇವೆರಡರಲ್ಲಿ ಯಾವುದನ್ನಾದರೂ ಕೊಡಬಹುದೆಂದು 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮವೇ ಹೇಳಿದೆ. ಅಧ್ಯಯನಕ್ಕೆ ಸೇರದಿದ್ದರೂ ನಿಮ್ಮ ತಂಗಿಗೆ ಬಹುಶಃ ಇವೆರಡರಲ್ಲಿ ಒಂದು ಸಿಗುತ್ತಿತ್ತು. ಚಿಕಿತ್ಸೆಯೇ ಇಲ್ಲದ ಗುಂಪು, ಬರೀ ಉಪ್ಪುನೀರಿನ ಡ್ರಿಪ್ ಹಾಕಿ ನೋಡುವ ಗುಂಪು ಇದರಲ್ಲಿಲ್ಲ ಎಂದು ನಿಮ್ಮ ವಿವರಣೆಯಿಂದ ತಿಳಿಯುತ್ತದೆ. ಆದರೂ ಮಾಹಿತಿ ಪತ್ರದಲ್ಲಿ ಅದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ.

ಈಗ ಲಕೋಟೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಹೆಚ್ಚಿನವರಿಗೆ ಕಸಿವಿಸಿಯಾಗುವುದು ಅಲ್ಲಿಯೇ. ಇಷ್ಟು ಓದಿದ ವೈದ್ಯರು ಆಲೋಚಿಸಿ ಮದ್ದು ಬರೆಯುವ ಬದಲು ಚೀಟಿ ಎತ್ತುವುದೆಂದರೆ ರೋಗಿಯ ಬಗ್ಗೆ ಕಾಳಜಿ ಇಲ್ಲವೆಂದೇ ಅಲ್ಲವೇ ಎಂದು ನಾನೂ ಸಮಿತಿಗೆ ಸೇರಿದ ಹೊಸತರಲ್ಲಿ ಕೇಳಿದ್ದೆ. ವೈದ್ಯೆಯೇ ಆಯ್ಕೆ ಮಾಡುತ್ತಾರೆ ಎಂದುಕೊಳ್ಳಿ. ದೂರದ ಊರಿನಿಂದ ಬಂದವರಿಗೆ, ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವವರಿಗೆ, ದಿನ ಹತ್ತಿರವಾದವರಿಗೆ, ಈ ಎರಡರಲ್ಲಿ ಒಂದೇ ಸಲಕ್ಕೆ ಮುಗಿಯುವ ಫೆರಿಕ್ ಕಾರ್ಬಾಕ್ಸಿಮಾಲ್ಟೋಸನ್ನು ಕೊಡೋಣವೆಂದು ಅವರ ಮನಸ್ಸು ಸಹಜವಾಗಿಯೇ ವಾಲುತ್ತದೆ. ನಗರದಲ್ಲೇ ಇರುವವರು, ಸ್ವಲ್ಪ ಗಟ್ಟಿಯಾಗಿರುವವರು ಇನ್ನೊಂದು ಗುಂಪಿಗೆ ಹೋಗುತ್ತಾರೆ. ಆರು ವಾರಗಳ ನಂತರ ಎರಡು ಗುಂಪುಗಳ ರಕ್ತ ಪರೀಕ್ಷೆ ಮಾಡಿದರೆ ಕಾಣುವ ವ್ಯತ್ಯಾಸ ಔಷಧದ್ದೋ, ಊಟ, ವಾಸ, ಆರೋಗ್ಯದ್ದೋ ಎಂದು ಯಾರೂ ಹೇಳಲಾರರು. ಒಬ್ಬರನ್ನು ಬಿಟ್ಟು ಒಬ್ಬರಿಗೆ ಕೊಟ್ಟರೂ ಮುಂದಿನ ಸರದಿ ಯಾವುದೆಂದು ಮೊದಲೇ ಗೊತ್ತಾಗುವುದರಿಂದ ಯಾರನ್ನು ಸೇರಿಸಿಕೊಳ್ಳಬೇಕೆಂಬುದರಲ್ಲೇ ಪಕ್ಷಪಾತ ನುಸುಳುತ್ತದೆ. ಆದ್ದರಿಂದ ಕಂಪ್ಯೂಟರ್ ಸಿದ್ಧಪಡಿಸಿದ ಕ್ರಮವನ್ನು, ಬೆಳಕಿಗೆ ಹಿಡಿದರೂ ಒಳಗಿನದು ಕಾಣದಂಥ ಲಕೋಟೆಗಳಲ್ಲಿಟ್ಟು, ಕ್ರಮಸಂಖ್ಯೆ ಹಾಕಿ, ರೋಗಿ ಸಮ್ಮತಿ ಕೊಟ್ಟ ಮೇಲೆಯೇ ಒಡೆಯುತ್ತಾರೆ. ಯಾವುದು ಮೇಲೆಂದು ನಿಜವಾಗಿ ಗೊತ್ತಿಲ್ಲದಿರುವಾಗ, ಗೊತ್ತಿರುವವರಂತೆ ಬರೆದುಕೊಡುವುದಕ್ಕಿಂತ ಇದು ಹೆಚ್ಚು ಪ್ರಾಮಾಣಿಕವಾದ ದಾರಿ ಎಂಬುದು ಇಷ್ಟು ವರ್ಷ ಸಮಿತಿಯಲ್ಲಿ ಕೂತ ಮೇಲೆ ನನಗೆ ಬಂದಿರುವ ನಂಬಿಕೆ.

ಇದರಿಂದ ಬಡವರಿಗೆ ಏನು ಸಿಕ್ಕಿತು ಎಂದು ಅತ್ತೆಯವರು ಕೇಳಿದರೆ ಮದರಾಸಿನ ಕ್ಷಯ ಅಧ್ಯಯನದ ಬಗ್ಗೆ ಹೇಳಿ. 1950ರ ದಶಕದವರೆಗೆ ಕ್ಷಯ ಬಂದವರು ಸ್ಯಾನಟೋರಿಯಂ ಸೇರಬೇಕು, ಒಳ್ಳೆಯ ಗಾಳಿ, ಪೂರ್ಣ ವಿಶ್ರಾಂತಿ, ಪುಷ್ಟಿಯಾದ ಊಟ ಇಲ್ಲದೆ ಗುಣವಾಗದು ಎಂಬುದೇ ಪ್ರಪಂಚದ ನಂಬಿಕೆಯಾಗಿತ್ತು. ನಮ್ಮ ಕಡೆಯ ಹಿರಿಯರಿಗೆ ಮೈಸೂರಿನ ಪಿ.ಕೆ. ಸ್ಯಾನಟೋರಿಯಂ ನೆನಪಿರುತ್ತದೆ. ಹಾಸಿಗೆಗಳು ಬೆರಳೆಣಿಕೆಯಷ್ಟು, ರೋಗಿಗಳು ಲಕ್ಷಾಂತರ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಕೇಂದ್ರವೊಂದು, ಇಕ್ಕಟ್ಟಾದ ಬಡಾವಣೆಗಳ 193 ರೋಗಿಗಳನ್ನು ಇದೇ ರೀತಿ ಎರಡು ಭಾಗ ಮಾಡಿ, ಕೆಲವರಿಗೆ ಸ್ಯಾನಟೋರಿಯಂನಲ್ಲೂ ಉಳಿದವರಿಗೆ ಅವರವರ ಮನೆಯಲ್ಲೂ ಒಂದೇ ಮಾತ್ರೆಗಳನ್ನು ಒಂದು ವರ್ಷ ಕೊಟ್ಟು ನೋಡಿತು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ, ಸಾಧಾರಣ ಊಟ ಮಾಡುತ್ತಾ ಮನೆಯಲ್ಲಿದ್ದವರು ಸ್ಯಾನಟೋರಿಯಂನಲ್ಲಿದ್ದವರಷ್ಟೇ ಹೆಚ್ಚುಕಡಿಮೆ ಗುಣವಾಗಿದ್ದರು. ಮನೆಯವರಿಗೆ ಸೋಂಕು ತಗಲುವ ಅಪಾಯವೂ ಹೆಚ್ಚಿರಲಿಲ್ಲ. ಇಂದು ಸಕಲೇಶಪುರದ ತೋಟದ ಕೂಲಿಕಾರರೊಬ್ಬರು ಕ್ಷಯದ ಮಾತ್ರೆಯನ್ನು ಲೈನ್ ಮನೆಯಲ್ಲೇ ನುಂಗಿ ಕೆಲಸಕ್ಕೆ ಹೋಗುತ್ತಿದ್ದರೆ ಅದರ ಹಿಂದೆ ಆ 193 ಜನರಿದ್ದಾರೆ. ಅದನ್ನು ಯಾವ ದೊಡ್ಡ ವೈದ್ಯರ ಅನುಭವವೂ ಊಹಿಸಿ ಹೇಳಿರಲಿಲ್ಲ.

ಹೋಲಿಸಿ ನೋಡದೆ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಕೊರೊನಾ ಕಾಲದ ಪ್ಲಾಸ್ಮಾ ಸಾಕ್ಷಿ. ಗುಣವಾದವರ ಪ್ಲಾಸ್ಮಾಕ್ಕಾಗಿ, ಅಂದರೆ ಅವರ ರಕ್ತದ ದ್ರವಭಾಗಕ್ಕಾಗಿ, ಜನ ಊರೂರು ಅಲೆದರು. ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳ ಮೇಲೆ ಸಂಶೋಧನಾ ಮಂಡಳಿ 2020ರಲ್ಲಿ ನಡೆಸಿದ ಹೋಲಿಕೆಯಲ್ಲಿ ಅದರಿಂದ ಸಾವು ತಗ್ಗಲಿಲ್ಲ, ರೋಗ ಉಲ್ಬಣಿಸುವುದೂ ತಪ್ಪಲಿಲ್ಲ ಎಂದು ತಿಳಿಯಿತು.

ಇನ್ನು ತಂಗಿಯ ಲೆಕ್ಕ. ಬೇಕಾದ ಕಬ್ಬಿಣಾಂಶವನ್ನು ದೇಹದ ತೂಕ, ಹಿಮೋಗ್ಲೋಬಿನ್ ಕೊರತೆ ಮತ್ತು 2.4 ಎಂಬ ಸಂಖ್ಯೆಯನ್ನು ಗುಣಿಸಿ, ಅದಕ್ಕೆ 500 ಕೂಡಿಸಿ ಕಂಡುಕೊಳ್ಳುವುದು ರೂಢಿ. ಬಸುರಿಗೆ ಮುಂಚಿನ ತೂಕ 50 ಕಿಲೋ, ಹಿಮೋಗ್ಲೋಬಿನ್ 8, ತಲುಪಬೇಕಾದದ್ದು 11 ಎಂದಿಟ್ಟುಕೊಂಡರೆ 860 ಮಿಲಿಗ್ರಾಂ ಆಗುತ್ತದೆ. ಐರನ್ ಸುಕ್ರೋಸನ್ನು ಸಾಮಾನ್ಯವಾಗಿ ಒಂದು ಸಲಕ್ಕೆ 200 ಮಿಲಿಗ್ರಾಂನಂತೆ ದಿನ ಬಿಟ್ಟು ದಿನ ಕೊಡುವುದರಿಂದ ಐದು ಸಲ ಆಸ್ಪತ್ರೆಗೆ ಬರಬೇಕು. ಇನ್ನೊಂದನ್ನು 1000 ಮಿಲಿಗ್ರಾಂವರೆಗೆ ಒಂದೇ ಸಲ, ಸುಮಾರು 15 ನಿಮಿಷದಲ್ಲಿ ಹಾಕಬಹುದು, ಆದರೆ ಅದರ ಬೆಲೆ ಹೆಚ್ಚು. ಎರಡರಿಂದಲೂ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದಾದ್ದರಿಂದ, ಹಾಕಿದ ನಂತರ ಅರ್ಧ ಗಂಟೆಯಾದರೂ ವಾರ್ಡಿನಲ್ಲೇ ಕೂರಿಸಿ ನೋಡಿಕೊಳ್ಳಬೇಕು. ಒಂದೇ ಸಲದ ಔಷಧವು ಕೆಲವರಲ್ಲಿ ರಕ್ತದ ಫಾಸ್ಫೇಟ್ ಅಂಶವನ್ನು ಇಳಿಸುತ್ತದೆ. ಶಕ್ತಿ ಯೋಜನೆಯಿಂದ ತಂಗಿಗೆ ಸಾಮಾನ್ಯ ಬಸ್ಸಿನ ಟಿಕೆಟ್ ಖರ್ಚಿಲ್ಲದಿರಬಹುದು, ಆದರೆ ಜೊತೆಗೆ ಬರುವ ಗಂಡನಿಗೆ ಟಿಕೆಟ್ಟೂ ಉಂಟು, ಅಂದಿನ ಕೂಲಿಯ ನಷ್ಟವೂ ಉಂಟು. ಲಕೋಟೆಯಲ್ಲಿ ಐದು ಸಲದ ಔಷಧ ಬಂದರೆ ಆ ಖರ್ಚನ್ನು ಭರಿಸುತ್ತಾರೆಯೇ ಎಂದು ಮೊದಲೇ ಕೇಳಿ. ಅಧ್ಯಯನಕ್ಕೆಂದೇ ಮಾಡುವ ಪರೀಕ್ಷೆಗಳಿಗೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿಲ್ಲ. ದುಬಾರಿ ಔಷಧವನ್ನು ಹೊರಗಿನ ಮೆಡಿಕಲ್ ಸ್ಟೋರಿನಿಂದ ತನ್ನಿ ಎಂದು ಚೀಟಿ ಬರೆದುಕೊಟ್ಟರೆ ಒಪ್ಪಬೇಡಿ.

ಬೇಡವೆಂದರೆ ಹೆರಿಗೆಯ ಹೊತ್ತಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ ಎಂಬುದೇ ನಿಮ್ಮ ನಿಜವಾದ ಭಯ. ನಿಯಮದ ಮಟ್ಟಿಗೆ ಉತ್ತರ ಸ್ಪಷ್ಟ: ಕಾರಣ ಕೊಡದೆ ಬೇಡವೆನ್ನಬಹುದು, ಸೇರಿದ ಮೇಲೂ ಯಾವಾಗ ಬೇಕಾದರೂ ಹಿಂದೆ ಸರಿಯಬಹುದು, ಚಿಕಿತ್ಸೆಯಲ್ಲಿ ಯಾವ ಕೊರತೆಯೂ ಆಗಬಾರದು. ಆದರೆ ಚಿಕಿತ್ಸೆ ನೀಡುವ ವೈದ್ಯೆಯೇ ಅಧ್ಯಯನಕ್ಕೆ ಸೇರಿ ಎಂದು ಕೇಳುವಾಗ, ಬೇಡ ಎಂಬ ಮಾತು ಬಾಯಿಗೆ ಬರುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಹಾಗಾಗಿಯೇ ನಮ್ಮ ಸಮಿತಿಯ ಸಭೆಗಳಲ್ಲಿ, ಸಮ್ಮತಿ ಕೇಳುವಾಗ ಮಾಹಿತಿ ಪತ್ರವನ್ನು ಮನೆಗೆ ಕೊಟ್ಟು ಕಳಿಸಿ ಎಂದು ನಾನು ಪಟ್ಟು ಹಿಡಿಯುತ್ತೇನೆ. ನೀವೂ ಹಾಗೆಯೇ ಕೇಳಿ. ರಕ್ತಹೀನತೆಯಲ್ಲಿ ಒಂದೆರಡು ದಿನ ಯೋಚಿಸಲು ಅವಕಾಶವಿರುತ್ತದೆ, ಏಳನೆಯ ತಿಂಗಳಲ್ಲಿ ವಾರಗಟ್ಟಲೆ ತಡಮಾಡುವಂತಿಲ್ಲ ಅಷ್ಟೇ. ಮಾಹಿತಿ ಪತ್ರದ ಕೊನೆಯಲ್ಲಿ ಎಥಿಕ್ಸ್ ಕಮಿಟಿಯ ಸದಸ್ಯ ಕಾರ್ಯದರ್ಶಿಯ ದೂರವಾಣಿ ಸಂಖ್ಯೆ ಇರಬೇಕು. ಬೇಡವೆಂದ ಮೇಲೆ ಯಾರಾದರೂ ಅಸಡ್ಡೆ ತೋರಿಸಿದರೆ ಆ ಸಂಖ್ಯೆಗೆ ಕರೆ ಮಾಡಲು ಸಂಕೋಚಪಡಬೇಡಿ, ಅದು ಇರುವುದೇ ಅದಕ್ಕೆ. ಸಹಿ ತಂಗಿಯದೇ ಆಗಿರಬೇಕು. ಗಂಡನ ಸಹಿಯಾಗಲಿ, ಅತ್ತೆಯವರ ಒಪ್ಪಿಗೆಯಾಗಲಿ, ನಿಮ್ಮ ಸಹಿಯಾಗಲಿ ಅದರ ಬದಲಿಗೆ ಸಲ್ಲದು. ಸಹಿ ಮಾಡಿದ ಪತ್ರದ ಒಂದು ಪ್ರತಿ ಅವಳ ಕೈಯಲ್ಲಿ ಇರಬೇಕು.

ಇನ್ನೊಂದು ಪರಿಶೀಲನೆಯನ್ನು ನೀವು ಮನೆಯಲ್ಲೇ ಕೂತು ಮಾಡಬಹುದು. ಭಾರತದಲ್ಲಿ ನಡೆಯುವ ಇಂಥ ಅಧ್ಯಯನಗಳಿಗೆ 2007ರಿಂದ ಸಿ.ಟಿ.ಆರ್.ಐ. ಎಂಬ ಒಂದು ರಾಷ್ಟ್ರೀಯ ನೋಂದಣಿ ಜಾಲತಾಣವಿದೆ, ಪಿ.ಜಿ. ಥೀಸಿಸ್‌ಗಳೂ ಅದರಲ್ಲಿರುತ್ತವೆ. 2018ರ ಏಪ್ರಿಲ್‌ನಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ನೋಂದಣಿ ಆಗಿರಬೇಕು. ಸಿ.ಟಿ.ಆರ್.ಐ. ಸಂಖ್ಯೆ ಎಷ್ಟು ಎಂದು ವೈದ್ಯೆಯನ್ನು ಕೇಳಿ, ಅಲ್ಲಿ ಹುಡುಕಿದರೆ ಎಷ್ಟು ಜನರನ್ನು ಸೇರಿಸುತ್ತಾರೆ, ಏನನ್ನು ಅಳೆಯುತ್ತಾರೆ, ಯಾರ ಹಣ ಎಂಬುದೆಲ್ಲ ಸಿಗುತ್ತದೆ. ಔಷಧ ಕಂಪನಿ ಉಚಿತವಾಗಿ ಕೊಟ್ಟಿದ್ದರೆ ಅದೇನೂ ಅಪರಾಧವಲ್ಲ, ಆದರೆ ಮುಚ್ಚಿಡಬಾರದು.

ಒಂದು ವಿಷಯದಲ್ಲಿ ನನ್ನ ಅಸಮಾಧಾನವನ್ನು ಹೇಳದೆ ಇರಲಾರೆ. ಪ್ರತಿಯೊಬ್ಬ ಪಿ.ಜಿ. ವಿದ್ಯಾರ್ಥಿಯೂ ಥೀಸಿಸ್ ಬರೆಯಲೇಬೇಕಾಗಿರುವುದರಿಂದ, ಈ ಎರಡು ಔಷಧಗಳ ಹೋಲಿಕೆಯಂಥವು ಕಾಲೇಜಿನಿಂದ ಕಾಲೇಜಿಗೆ ಸಣ್ಣ ಸಣ್ಣ ಸಂಖ್ಯೆಯಲ್ಲಿ ಮತ್ತೆ ಮತ್ತೆ ನಡೆಯುತ್ತವೆ. ಸಂಖ್ಯೆ ಸಣ್ಣದಾದಷ್ಟೂ ಅಪರೂಪದ ಅಡ್ಡಪರಿಣಾಮಗಳು ಅದರಲ್ಲಿ ಕಾಣಿಸುವುದಿಲ್ಲ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮೈಸೂರಿನ ಕಾಲೇಜುಗಳು ಸೇರಿ ಒಂದೇ ಪ್ರಶ್ನೆಯನ್ನು ಒಂದೇ ವಿಧಾನದಲ್ಲಿ ಕೇಳಿದರೆ ಎಷ್ಟೋ ಹೆಚ್ಚು ಗಟ್ಟಿಯಾದ ಉತ್ತರ ಸಿಗುತ್ತದೆ ಎಂದು ನಾನು ಹೇಳುತ್ತಲೇ ಇದ್ದೇನೆ. ಹಾಗಾಗಿ ವೈದ್ಯೆಯನ್ನು ಇದನ್ನೂ ಕೇಳಿ: ಈಗಾಗಲೇ ತಿಳಿದಿರುವುದಕ್ಕಿಂತ ಹೆಚ್ಚಾಗಿ ನಿಮ್ಮ ಅಧ್ಯಯನದಿಂದ ಏನು ತಿಳಿಯುತ್ತದೆ? ತಮ್ಮ ಕೆಲಸವನ್ನು ಪ್ರೀತಿಸುವ ವಿದ್ಯಾರ್ಥಿಗೆ ಆ ಪ್ರಶ್ನೆಯಿಂದ ಸಂತೋಷವೇ ಆಗುತ್ತದೆ.

ನನ್ನ ಮಗಳ ವಿಷಯವಾಗಿದ್ದರೆ, ಎರಡೂ ಗುಂಪಿಗೆ ಪೂರ್ಣ ಚಿಕಿತ್ಸೆ ಇದೆ, ಔಷಧ ಉಚಿತ, ತೊಂದರೆಯಾದರೆ ಖರ್ಚು ಆಸ್ಪತ್ರೆಯದು ಎಂಬ ಮೂರು ಮಾತು ಬರಹದಲ್ಲಿದ್ದರೆ ಸೇರು ಎನ್ನುತ್ತಿದ್ದೆ. ನಿಮ್ಮ ತಂಗಿ ಸೇರಲಿ, ಬಿಡಲಿ, ಕೊಟ್ಟ ಇಂಜೆಕ್ಷನ್ ಯಾವುದು, ಎಷ್ಟು ಮಿಲಿಗ್ರಾಂ, ಯಾವ ದಿನ ಎಂಬುದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ನೋವು ರಾತ್ರಿ ಹೊತ್ತು ಕಾಣಿಸಿಕೊಂಡು ಅರಕಲಗೂಡಿನ ತಾಲ್ಲೂಕು ಆಸ್ಪತ್ರೆಗೇ ಹೋಗಬೇಕಾಗಿ ಬಂದರೂ ಅಲ್ಲಿನ ವೈದ್ಯರಿಗೆ ಆ ವಿವರ ಬೇಕಾಗುತ್ತದೆ.