ಎನ್‌ಎಫ್‌ಎಲ್ ಡ್ರಾಫ್ಟ್: ಗಾಳಿಸುದ್ದಿಯಲ್ಲಿ ಜೊಳ್ಳೆಷ್ಟು, ಕಾಳೆಷ್ಟು?

ಪ್ರಶ್ನೆ: ಏಪ್ರಿಲ್ ಬಂತೆಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ ಬಗ್ಗೆ ದಿನಕ್ಕೊಂದು ಸುದ್ದಿ, ಮರುದಿನ ಅದಕ್ಕೆ ತದ್ವಿರುದ್ಧವಾದ ಇನ್ನೊಂದು. ಇವನ್ನೆಲ್ಲ ಹುಟ್ಟಿಸುವವರು ಯಾರು?

ಉತ್ತರ: ಬಹುಪಾಲು ತಂಡಗಳ ಕಡೆಯವರು ಮತ್ತು ಆಟಗಾರರ ಏಜೆಂಟರೇ. 32 ತಂಡ, ಏಳು ಸುತ್ತು; ಹಿಂದಿನ ಋತುವಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ. ಹತ್ತನೇ ಸರದಿಯ ತಂಡ ಒಬ್ಬ ಆಟಗಾರನ ಮೇಲೆ ಕಣ್ಣಿಟ್ಟಿದೆ ಎನ್ನಿ. ಆ ಗುಟ್ಟು ರಟ್ಟಾದರೆ ಹಿಂದಿರುವ ತಂಡವೊಂದು ಒಂಬತ್ತನೇ ಸರದಿಯನ್ನು ವಿನಿಮಯದಲ್ಲಿ ಪಡೆದು ಅವನನ್ನು ಹಾರಿಸಿಕೊಂಡು ಹೋಗಬಹುದು. ಅದಕ್ಕೇ ಬೇರೊಬ್ಬನ ಹೆಸರನ್ನು ತೇಲಿಬಿಡುತ್ತಾರೆ. ಸರದಿ ಬಿಟ್ಟುಕೊಟ್ಟು ಲಾಭ ಮಾಡಿಕೊಳ್ಳಬೇಕೆನ್ನುವವರದು ಉಲ್ಟಾ ಆಟ: 'ಈ ಕ್ವಾರ್ಟರ್‌ಬ್ಯಾಕ್‌ಗೆ (ಚೆಂಡೆಸೆದು ತಂಡದ ಆಕ್ರಮಣ ನಡೆಸುವ ಆಟಗಾರ) ಭಾರಿ ಬೇಡಿಕೆಯಿದೆ' ಎಂದು ಹಬ್ಬಿಸಿ ಬೆಲೆ ಏರಿಸುತ್ತಾರೆ. ಇನ್ನು ಏಜೆಂಟರು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಹೊಸಬರ ಮೊದಲ ಕರಾರಿನ ಮೊತ್ತ ಹೆಚ್ಚುಕಡಿಮೆ ಸರದಿಯ ಮೇಲೇ ನಿಗದಿಯಾಗುತ್ತದೆ. ತಮ್ಮ ಆಟಗಾರ ಒಂದೊಂದು ಮೆಟ್ಟಿಲು ಮೇಲೇರಿದಷ್ಟೂ ಹಣ.

ತಂಡ ಬಾಯಿಬಿಡದಿದ್ದರೂ ಊಹೆಯೇ ಸುದ್ದಿಯಾಗುವುದುಂಟು. 2021ರ ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡ ಮುಂದಿನ ವರ್ಷಗಳ ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟು ಮೂರನೇ ಸರದಿ ಪಡೆಯಿತು. ವಾರಗಟ್ಟಲೆ ಎಲ್ಲೆಡೆ ಕ್ವಾರ್ಟರ್‌ಬ್ಯಾಕ್ ಮ್ಯಾಕ್ ಜೋನ್ಸ್ ಹೆಸರೇ. ಕೊನೆಗೆ ತಂಡ ಆರಿಸಿದ್ದು ಟ್ರೇ ಲ್ಯಾನ್ಸ್‌ನನ್ನು. ಜೋನ್ಸ್ 15ನೆಯವನಾಗಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಸೇರಿದ. ಆದ್ದರಿಂದ ಸುದ್ದಿ ಓದುವಾಗ ಮೊದಲು ನೋಡಬೇಕಾದ್ದು ಒಂದೇ: ಇದನ್ನು ಜನ ನಂಬಿದರೆ ಯಾರಿಗೆ ಲಾಭ?

ಪ್ರಶ್ನೆ: ತಂಡವೊಂದು ಆಟಗಾರನನ್ನು ತನ್ನ ಕೇಂದ್ರಕ್ಕೆ ಕರೆಸಿಕೊಂಡಿತು ಎಂದರೆ ಅವನನ್ನು ಆರಿಸುವುದು ಖಚಿತವೇ?

ಉತ್ತರ: ಇಲ್ಲ. ಪ್ರತಿ ತಂಡವೂ 30 ಮಂದಿಯವರೆಗೆ ಹೀಗೆ ಕರೆಸಿಕೊಳ್ಳಬಹುದು. ಸ್ಥಳೀಯ ಆಟಗಾರರು ಈ ಲೆಕ್ಕಕ್ಕೆ ಬರುವುದಿಲ್ಲ. ತಂಡದ ಕೈಯಲ್ಲಿರುವುದು ಸುಮಾರು ಏಳು ಆಯ್ಕೆ. ಅಂದಮೇಲೆ ಬಂದುಹೋದವರಲ್ಲಿ ಹೆಚ್ಚಿನವರು ಬೇರೆಡೆ ಹೋಗಲೇಬೇಕು. ಹಳೆಯ ಗಾಯವನ್ನು ತಂಡದ ವೈದ್ಯರು ಮತ್ತೊಮ್ಮೆ ನೋಡಬೇಕು, ನಡತೆಯ ಬಗ್ಗೆ ಅನುಮಾನ ಪರಿಹರಿಸಿಕೊಳ್ಳಬೇಕು ಎಂದೂ ಕರೆಸುತ್ತಾರೆ. ಬರೀ ಎದುರಾಳಿಗಳ ಕಣ್ಣಿಗೆ ಮಣ್ಣೆರಚಲು ಕರೆಸುವುದೂ ಇದೆ. 'ಭೇಟಿ ನಡೆಯಿತು' ಎಂಬುದನ್ನು ಸುದ್ದಿಯಾಗಿ ತೆಗೆದುಕೊಳ್ಳಿ, 'ತಂಡಕ್ಕೆ ಅವನ ಮೇಲೆ ಮನಸ್ಸಾಗಿದೆ' ಎಂಬುದನ್ನು ವರದಿಗಾರನ ವ್ಯಾಖ್ಯಾನವಾಗಿ.

ಪ್ರಶ್ನೆ: ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಬೆಟ್ಟಿಂಗ್ ದರ ದಿಢೀರನೆ ಬದಲಾದರೆ ಒಳಗಿನವರಿಗೆ ಏನೋ ಗೊತ್ತಾಗಿದೆ ಎಂದೇ ಅಲ್ಲವೇ?

ಉತ್ತರ: ಡ್ರಾಫ್ಟ್ ವಿಷಯದಲ್ಲಿ ಹೊಗೆ ಸಲೀಸಾಗಿ ಆಡುತ್ತದೆ. 2023ರಲ್ಲಿ ನಡೆದದ್ದನ್ನೇ ನೋಡಿ. ಮೊದಲ ಸರದಿ ಕ್ಯಾರೊಲಿನಾ ಪ್ಯಾಂಥರ್ಸ್ ತಂಡದ್ದು. ಆ ತಂಡ ತನ್ನನ್ನೇ ಆರಿಸಲಿದೆ ಎಂದು ಕ್ವಾರ್ಟರ್‌ಬ್ಯಾಕ್ ವಿಲ್ ಲೆವಿಸ್ ಆಪ್ತರಿಗೆ ಹೇಳುತ್ತಿದ್ದಾನೆ ಎಂದು ಹೆಸರಿಲ್ಲದ ಯಾರೋ ಒಬ್ಬರು ರೆಡಿಟ್‌ನಲ್ಲಿ ಬರೆದರು. ಲೆವಿಸ್ ಮೊದಲಿಗನಾಗುತ್ತಾನೆ ಎಂಬುದಕ್ಕೆ 40ಕ್ಕೆ 1ರಂತೆ (ಒಂದು ಕಟ್ಟಿ ಗೆದ್ದರೆ 40 ಲಾಭ; ದರ ಇಳಿದಷ್ಟೂ ಸಾಧ್ಯತೆ ಹೆಚ್ಚೆಂದು ಲೆಕ್ಕ) ಇದ್ದ ದರ 5ಕ್ಕೆ 1ರ ಆಸುಪಾಸಿಗೆ ಕುಸಿಯಿತು. ದರ ಕುಸಿದದ್ದೇ ಸುದ್ದಿಯಾಯಿತು, ಆ ಸುದ್ದಿ ಓದಿದವರು ಇನ್ನಷ್ಟು ಹಣ ಕಟ್ಟಿದರು. ಪ್ಯಾಂಥರ್ಸ್ ಆರಿಸಿದ್ದು ಬ್ರೈಸ್ ಯಂಗ್‌ನನ್ನು. ಗುರುವಾರ ರಾತ್ರಿ ಮೊದಲ ಸುತ್ತು ಪೂರ್ತಿ ಮುಗಿದರೂ ಲೆವಿಸ್ ಹೆಸರು ಬರಲಿಲ್ಲ. ಮರುದಿನ 33ನೆಯವನಾಗಿ ಟೆನೆಸ್ಸಿ ಟೈಟನ್ಸ್ ಪಾಲಾದ.

ಪಂದ್ಯದ ಬೆಟ್ಟಿಂಗ್‌ಗೆ ಹೋಲಿಸಿದರೆ ಡ್ರಾಫ್ಟ್ ಮೇಲೆ ಹೂಡುವ ಹಣ ಬಲು ಕಡಿಮೆ. ಅದಕ್ಕೇ ಸಣ್ಣ ಮೊತ್ತಕ್ಕೂ ದರ ಜಗ್ಗುತ್ತದೆ. ಬುಕ್ಕಿಗಳು ಕೂಡ ನಷ್ಟದ ಭಯಕ್ಕೆ ವದಂತಿ ಕಿವಿಗೆ ಬಿದ್ದ ತಕ್ಷಣ ದರ ಇಳಿಸುತ್ತಾರೆ. ದರ ಬದಲಾಗಿದೆ ಎಂದರೆ ಜನ ನಂಬಿದ್ದಾರೆ ಎಂದಷ್ಟೇ ಅರ್ಥ.

ಪ್ರಶ್ನೆ: ಸೋರಿಕೆಯಾದ ಪರೀಕ್ಷೆಯ ಅಂಕಗಳನ್ನು ನಂಬಬಹುದೇ?

ಉತ್ತರ: ಬೇಡ. ಅದೇ 2023ರಲ್ಲಿ ಎಸ್2 ಎಂಬ ಚುರುಕುತನದ ಪರೀಕ್ಷೆಯಲ್ಲಿ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್‌ಗೆ ತೀರಾ ಕಡಿಮೆ ಅಂಕ ಬಂದಿದೆ ಎಂದು ಸುದ್ದಿ ಸೋರಿತು. ಹೂಸ್ಟನ್ ಟೆಕ್ಸನ್ಸ್ ಅವನನ್ನು ಎರಡನೆಯವನಾಗಿ ಆರಿಸಿತು. ಆ ಋತುವಿನಲ್ಲಿ ಆಕ್ರಮಣ ವಿಭಾಗದ ಶ್ರೇಷ್ಠ ಹೊಸ ಆಟಗಾರ ಅವನೇ. ಆಟ ಇನ್ನೂ ಶುರು ಮಾಡದ ಹುಡುಗನಿಗೆ 'ಮಂದಬುದ್ಧಿ' ಎಂಬ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಹಲವು ಭಾಗಗಳಿರುವ ಪರೀಕ್ಷೆಯ ಒಟ್ಟು ಅಂಕಿಯೊಂದನ್ನೇ ಹೊರಬಿಟ್ಟವರಿಗೆ ಬೇರೆ ಉದ್ದೇಶವೇ ಇರುತ್ತದೆ.

ಪ್ರಶ್ನೆ: ಡ್ರಾಫ್ಟ್ ರಾತ್ರಿ ಮೊಬೈಲಿಗೆ ಬರುವ ಸುದ್ದಿಯನ್ನು ಪರಿಶೀಲಿಸುವುದು ಹೇಗೆ?

ಉತ್ತರ: ಹೆಸರು, ಫೋಟೊ, ನೀಲಿ ಟಿಕ್ ಮೂರನ್ನೂ ಮರೆತು ಖಾತೆಯ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. 2022ರ ನವೆಂಬರ್‌ನಿಂದ ಟ್ವಿಟರ್‌ನಲ್ಲಿ (ಈಗಿನ ಎಕ್ಸ್) ಆ ಟಿಕ್ ಹಣ ಕೊಟ್ಟವರಿಗೂ ಸಿಗುತ್ತಿದೆ. ಕ್ರೀಡಾ ವಾಹಿನಿ ಇಎಸ್‌ಪಿಎನ್‌ನ ವರದಿಗಾರ ಆಡಮ್ ಶೆಫ್ಟರ್ ಅಂಥವರ ಹೆಸರಿನ ನಕಲಿ ಖಾತೆಗಳಲ್ಲಿ ಒಂದು ಅಕ್ಷರ ಹೆಚ್ಚಿರುತ್ತದೆ, ಇಲ್ಲವೇ 'ಓ' ಅಕ್ಷರದ ಜಾಗದಲ್ಲಿ ಸೊನ್ನೆ ಕೂತಿರುತ್ತದೆ. ಆಮೇಲೆ ಖಾತೆ ಶುರುವಾದ ತಿಂಗಳು, ಹಳೆಯ ಬರಹಗಳನ್ನು ನೋಡಿ. ಸ್ಕ್ರೀನ್‌ಶಾಟ್ ಮಾತ್ರ ಬಂದಿದ್ದರೆ ಮೂಲ ಖಾತೆಗೆ ಹೋಗಿ ಆ ಬರಹ ಅಲ್ಲಿದೆಯೇ ಹುಡುಕಿ. ಸರದಿ ವಿನಿಮಯದ ಸುದ್ದಿಯಾದರೆ ಯಾವ ವರ್ಷದ, ಎಷ್ಟನೇ ಸುತ್ತಿನ ಆಯ್ಕೆ ಎಂಬ ವಿವರ ಇರಬೇಕು. ಎರಡೂ ತಂಡಗಳು ಲೀಗ್‌ಗೆ ತಿಳಿಸಿದ ಮೇಲಷ್ಟೇ ವಿನಿಮಯ ಊರ್ಜಿತ.

ವಿಡಿಯೊ ನಿಜವಾಗಿದ್ದರೂ ಎಚ್ಚರ ಬೇಕು. 2016ರಲ್ಲಿ ಡ್ರಾಫ್ಟ್ ಶುರುವಾಗಲು ನಿಮಿಷಗಳಿರುವಾಗ ಆಟಗಾರ ಲಾರೆಮಿ ಟನ್ಸಿಲ್‌ನ ಟ್ವಿಟರ್ ಖಾತೆಗೆ ಕನ್ನ ಹಾಕಿ, ಅವನು ಗ್ಯಾಸ್ ಮಾಸ್ಕ್ ಹಾಕಿಕೊಂಡು ಸೇದುತ್ತಿದ್ದ ಹಳೆಯ ವಿಡಿಯೊ ಹರಿಬಿಟ್ಟರು. ಆ ರಾತ್ರಿ ಅವನು 13ನೇ ಸರದಿಯವರೆಗೆ ಜಾರಿದ.

ಪ್ರಶ್ನೆ: ಆಟಗಾರನಿಗೇ ತಂಡದಿಂದ ಫೋನ್ ಬಂದರೆ ಅದನ್ನಾದರೂ ನಂಬಬಹುದಲ್ಲ?

ಉತ್ತರ: 2025ರಲ್ಲಿ ಅದೂ ಸುಳ್ಳಾಯಿತು. ಕ್ವಾರ್ಟರ್‌ಬ್ಯಾಕ್ ಶೆಡೂರ್ ಸ್ಯಾಂಡರ್ಸ್‌ಗೆ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಹೆಸರಿನಲ್ಲಿ ಕುಚೇಷ್ಟೆಯ ಕರೆ ಬಂತು. ಅಟ್ಲಾಂಟಾ ಫಾಲ್ಕನ್ಸ್ ತಂಡದ ತರಬೇತುದಾರರೊಬ್ಬರ ಮಗ ತಂದೆಯ ಐಪ್ಯಾಡ್‌ನಿಂದ ಸ್ಯಾಂಡರ್ಸ್‌ನ ಗುಪ್ತ ನಂಬರ್ ಎತ್ತಿದ್ದ. ಲೀಗ್ ಫಾಲ್ಕನ್ಸ್ ತಂಡಕ್ಕೆ 2,50,000 ಡಾಲರ್, ತರಬೇತುದಾರರಿಗೆ 1,00,000 ಡಾಲರ್ ದಂಡ ಹಾಕಿತು. ಸ್ಯಾಂಡರ್ಸ್‌ನನ್ನು ಕೊನೆಗೆ ಐದನೇ ಸುತ್ತಿನಲ್ಲಿ, 144ನೆಯವನಾಗಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಆರಿಸಿತು. ತಂಡ ಹೆಸರನ್ನು ಲೀಗ್‌ಗೆ ಒಪ್ಪಿಸಿ, ಅದು ಘೋಷಣೆಯಾಗುವವರೆಗೂ ಯಾವ ಆಯ್ಕೆಯನ್ನೂ ಖಚಿತವೆಂದು ಹಂಚಬೇಡಿ.