ಪ್ಯಾಂಟು ಸಡಿಲಾಗಿದೆ, ತೂಕ ಇಳಿದಿಲ್ಲ: ರಾತ್ರಿ ಊಟ ಬಿಡಲಾ?

ದಯವಿಟ್ಟು ಊಟ ಬಿಡಬೇಡಿ. ನಿಮಗೆ 46 ವರ್ಷ, ಪುಣೆಯಲ್ಲಿ ಎರಡು ತಿಂಗಳಿಂದ ಜಿಮ್‌ಗೆ ಹೋಗ್ತಿದ್ದೀರಿ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿಲ್ಲ, ಆದರೂ ತೂಕ 78 ಕಿಲೋದಲ್ಲೇ ಇದೆ ಅಂತ ಬರೆದಿದ್ದೀರಿ. ಪ್ಯಾಂಟು ಸುಮ್ನೆ ಸಡಿಲ ಆಗಲ್ಲ. ಹೊಟ್ಟೆಯ ಕೊಬ್ಬು ಕರಗುತ್ತಿದೆ, ಜೊತೆಗೆ ಮಾಂಸಖಂಡ ಬೆಳೆಯುತ್ತಿದೆ. ತೂಕದ ಕಾಟಾ ಎರಡನ್ನೂ ಸೇರಿಸಿ ಒಂದೇ ಅಂಕಿ ತೋರಿಸುತ್ತೆ.

ನಾನು ಐವತ್ತು ದಾಟಿದ ಮೇಲೆ ಡಂಬೆಲ್ ಹಿಡಿದವಳು. ನನ್ನ ತೂಕವೂ ತಿಂಗಳುಗಟ್ಟಲೆ ಅಲ್ಲಾಡಲಿಲ್ಲ. ಆದರೆ ಲಂಗದ ಲಾಡಿ ಗಂಟು ಹಾಕಿದ ಮೇಲೆ ಮೊದಲಿಗಿಂತ ನಾಲ್ಕು ಬೆರಳು ಜಾಸ್ತಿ ಉಳಿಯತೊಡಗಿತು. ಹಳೇ ರವಿಕೆಯ ತೋಳು ಮಾತ್ರ ಬಿಗಿಯಾಯಿತು. ಎಲ್ಲಿ ಇಳಿದಿದೆ, ಎಲ್ಲಿ ಕೂಡಿದೆ ಅಂತ ನನಗೆ ತಿಳಿದದ್ದು ಬಟ್ಟೆಯಿಂದಲೇ.

ತೂಕ ನೋಡಿದರೆ ಕೊಬ್ಬೆಷ್ಟು ಅಂತ ತಿಳಿಯಲ್ಲ ಅನ್ನೋದನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ನಮ್ಮ ಪುಣೆಯ ಡಾಕ್ಟರೇ ಒಬ್ಬರು. ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಮೈಯನ್ನೇ ಉದಾಹರಣೆಯಾಗಿ ಇಟ್ಟರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಕೂಡ 22.3. ಆದರೆ ಕೊಬ್ಬು ಯಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ನಮ್ಮ ದೇಶದವರು ನೋಡೋಕೆ ತೆಳ್ಳಗಿದ್ದರೂ ಒಳಗೆ ಕೊಬ್ಬು ತುಂಬಿರಬಹುದು. ಹಾಗಾಗಿ ನಮಗಂತೂ ಬರೀ ತೂಕ ನೋಡಿದರೆ ಸಾಲದು.

ಇನ್ನು ನೀರಿನ ಲೆಕ್ಕ ಬೇರೆ. ಮಾಂಸಖಂಡದಲ್ಲಿ ಕೂಡಿಡುವ ಒಂದು ಗ್ರಾಂ ಗ್ಲೈಕೋಜನ್ (ಮೈ ಕೂಡಿಟ್ಟುಕೊಳ್ಳುವ ಸಕ್ಕರೆ) ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತೆ. ಹೊಸದಾಗಿ ಭಾರ ಎತ್ತಿ ಮೈಕೈ ನೋಯುವಾಗಲೂ ನೀರು ನಿಲ್ಲುತ್ತೆ. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7,700 ಕ್ಯಾಲರಿ, ಒಂದು ರಾತ್ರಿಯ ಊಟದಲ್ಲಿ ಅಷ್ಟು ಬರಲ್ಲ. ರಾತ್ರಿ ಮಿಸಳ್ ತಿಂದು ಬೆಳಗ್ಗೆ ಒಂದು ಕಿಲೋ ಜಾಸ್ತಿ ತೋರಿಸಿದರೆ ಅದು ಕೊಬ್ಬಲ್ಲ, ಉಪ್ಪು ಹಿಡಿದಿಟ್ಟ ನೀರು ಮತ್ತು ಹೊಟ್ಟೆಯಲ್ಲಿರೋ ಊಟ. ಕೊಬ್ಬಿನ ಶೇಕಡಾ ಹೇಳುವ ಮಷೀನುಗಳೂ ಮೈಯಲ್ಲಿ ಸಣ್ಣ ಕರೆಂಟು ಹಾಯಿಸಿ ಅಂದಾಜು ಮಾಡುತ್ತವೆ ಅಷ್ಟೇ, ನೀರು ಹೆಚ್ಚುಕಡಿಮೆ ಆದರೆ ಅಂಕಿಯೂ ಬದಲಾಗುತ್ತೆ.

ಅದಕ್ಕೇ ದರ್ಜಿಯವರ ಟೇಪು ತಂದಿಟ್ಟುಕೊಳ್ಳಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ಕೆಳಗಿನ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಸುತ್ತಿ, ಉಸಿರು ಬಿಟ್ಟ ಮೇಲೆ ಓದಿ. ಹೊಟ್ಟೆ ಎಳೆದುಕೊಳ್ಳಬೇಡಿ. ಹದಿನೈದು ದಿನಕ್ಕೊಮ್ಮೆ ಸಾಕು.

ರಾತ್ರಿ ಊಟ ಬಿಟ್ಟರೆ ತೂಕ ಇಳಿಯಬಹುದು, ನಿಜ. ಆದರೆ ಈ ವಯಸ್ಸಲ್ಲಿ ಮಾಂಸಖಂಡ ತಾನಾಗಿಯೇ ಸವೆಯುತ್ತಿರುತ್ತೆ, ಉಪವಾಸ ಮಾಡಿದರೆ ಇನ್ನಷ್ಟು ಹೋಗಬಹುದು. ಅದನ್ನು ಮತ್ತೆ ಗಳಿಸೋದು ಎಷ್ಟು ಕಷ್ಟ ಅಂತ ಈಗ ನಿಮಗೇ ಗೊತ್ತು ಅಲ್ವಾ? ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಪ್ರಕಾರ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ ನಿಮಗೆ ಸುಮಾರು 65 ಗ್ರಾಂ. ರೊಟ್ಟಿ ಎರಡೇ ಸಾಕು, ಮಡಿಕೆಕಾಳು ಪಲ್ಯ ಎರಡು ಬಟ್ಟಲು ಹಾಕಿಕೊಳ್ಳಿ, ಮೇಲೆ ಗಟ್ಟಿ ಮೊಸರು. ಶೇಂಗಾ ಹಿಂಡಿಯನ್ನು (ಚಟ್ನಿಪುಡಿ) ಪ್ರೋಟೀನ್ ಅಂತ ಜಾಸ್ತಿ ಬಡಿಸಿಕೊಳ್ಳಬೇಡಿ, ಅದರಲ್ಲಿ ಎಣ್ಣೆಯೇ ಹೆಚ್ಚು.

ಸೊಂಟದ ಸುತ್ತಳತೆ ನಮ್ಮಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಅಪಾಯ ಅಂತ ಲೆಕ್ಕ. ನಿಮ್ಮದು ಇನ್ನೂ 90ರ ಮೇಲಿದ್ದರೆ ಈ ವಾರವೇ ಸಕ್ಕರೆ, ಬಿಪಿ ಪರೀಕ್ಷೆ ಮಾಡಿಸಿ.