ವೋಟರ್ ಐಡಿ ಇದ್ದರೂ ಪದವೀಧರ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿಲ್ಲ, ಯಾಕೆ?
ವಿಧಾನಸಭೆಗೆ ಪ್ರತಿ ಸಲ ವೋಟ್ ಹಾಕಿದ್ದೀನಿ, ಪದವೀಧರರ ಪಟ್ಟಿಯಲ್ಲಿ ಮಾತ್ರ ಹೆಸರೇ ಇಲ್ಲ ಅಂತ ಕೇಳಿದ್ದೀರಿ. ನಿಮ್ಮ ಹೆಸರನ್ನು ಯಾರೂ ತೆಗೆದಿಲ್ಲ. ವಿಧಾನ ಪರಿಷತ್ತಿಗೆ, ಅಂದರೆ ರಾಜ್ಯದ ಮೇಲ್ಮನೆಗೆ, ಪದವೀಧರರು ಮಾತ್ರ ಸೇರಿ ಸದಸ್ಯರನ್ನು ಆರಿಸುವ ಕ್ಷೇತ್ರ ಇದು, ಇದರ ಪಟ್ಟಿಯೇ ಬೇರೆ. ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ, ಹಾಗಾಗಿ ಹಿಂದಿನ ಸಲ ಇದ್ದವರೂ ಮತ್ತೆ ಅರ್ಜಿ ಕೊಡಬೇಕು.

ಕೊಡಬೇಕಾದ್ದು ಫಾರಂ 18. ಜೊತೆಗೆ ಡಿಗ್ರಿಯ ದಾಖಲೆ. ಅರ್ಹತೆಯ ದಿನ ನವೆಂಬರ್ 1. ಅದಕ್ಕಿಂತ ಮೂರು ವರ್ಷ ಮೊದಲೇ ನಿಮ್ಮ ಡಿಗ್ರಿ ಮುಗಿದಿರಬೇಕು. ಎಲ್ಲಿ ಓದಿದ್ದೀರಿ ಅನ್ನೋದಲ್ಲ, ಈಗ ಎಲ್ಲಿ ವಾಸ ಇದ್ದೀರಿ ಅನ್ನೋದೇ ಮುಖ್ಯ. ಧಾರವಾಡದಲ್ಲಿ ಓದಿ ಮೈಸೂರಿನಲ್ಲಿ ನೆಲೆಸಿದ್ದರೆ ಮೈಸೂರು ಸೇರುವ ಕ್ಷೇತ್ರದಲ್ಲೇ ಅರ್ಜಿ.

ವೋಟ್ ಹಾಕುವ ರೀತಿಯೂ ಬೇರೆ, ಇಲ್ಲೇ ಜಾಸ್ತಿ ಜನ ಎಡವೋದು. ಯಂತ್ರ ಇರುವುದಿಲ್ಲ, ಕಾಗದದ ಮತಪತ್ರ. ಮತಗಟ್ಟೆಯಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಿಂದಲೇ ಬರೆಯಬೇಕು, ಜೇಬಿನ ಪೆನ್ ಬೇಡ. ಮೆಚ್ಚಿದ ಅಭ್ಯರ್ಥಿಯ ಮುಂದೆ 1 ಅಂತ ಅಂಕಿ ಹಾಕಿ. ಕನ್ನಡದ ೧ ಆದರೂ ನಡೆಯುತ್ತದೆ. 'ಒಂದು' ಅಂತ ಅಕ್ಷರದಲ್ಲಿ ಬರೆದರೆ, ಟಿಕ್ ಹಾಕಿದರೆ, ಸಹಿ ಮಾಡಿದರೆ ವೋಟ್ ಹಾಳು. ಉಳಿದ ಅಭ್ಯರ್ಥಿಗಳ ಮುಂದೆ ನಿಮ್ಮ ಮುಂದಿನ ಆಯ್ಕೆಯಾಗಿ 2, 3 ಹಾಕೋದು ನಿಮ್ಮಿಷ್ಟ, 1 ಮಾತ್ರ ಇರಲೇಬೇಕು.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರು ಆರಿಸುವುದು ಬರೀ 7. ಮತದಾರರೂ ಕಮ್ಮಿ, ಅದಕ್ಕೇ ಒಂದೊಂದು ವೋಟಿಗೂ ತೂಕ ಇದೆ. ಗೆದ್ದವರು ಆರು ವರ್ಷ ಇರುತ್ತಾರೆ. ದಯವಿಟ್ಟು ಈ ಸಲ ಬಿಡಬೇಡಿ, ನೋಂದಣಿ ಶುರುವಾದ ತಕ್ಷಣ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.